ಪೆಟ್ರೋಲ್ ಪಿಕಪ್ಪಾ, ಡೀಸೆಲ್ ಪಿಕಪ್ಪಾ? ತಿಂಗಳಿಗೆ 1,300 ಕಿ.ಮೀ. ಓಡದಿದ್ರೆ ಡೀಸೆಲ್ ಲಾಭ ಕಂತಿಗೇ ಹೋಗುತ್ತೆ

ಶಿಕಾರಿಪುರ: ಸರಕು ಸಾಗಿಸೋ ಗಾಡಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದದ್ದು ಶೇ. 18ಕ್ಕೆ ಇಳಿದಿದೆ. ಆಮೇಲಿಂದ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಎಲ್ಲಾ ಕಡೆ ಸಣ್ಣ ಗೂಡ್ಸ್ ಗಾಡಿ ತಗೊಳ್ಳೋ ಮಾತು ಜೋರಾಗಿದೆ. ಕಿರಾಣಿ ಅಂಗಡಿಯವರು, ಹಾರ್ಡ್‌ವೇರ್‌ನವರು, ಬಾಡಿಗೆ ಓಡಿಸೋಣ ಅಂತಿರೋ ಹುಡುಗರು, ಎಲ್ಲರದ್ದೂ ಒಂದೇ ಪ್ರಶ್ನೆ: ಪೆಟ್ರೋಲಾ, ಡೀಸೆಲ್ಲಾ?

ಗಾಡಿ ಸ್ಟ್ಯಾಂಡಲ್ಲಿ ಹಳಬರನ್ನ ಕೇಳಿದ್ರೆ ಉತ್ತರ ರೆಡಿ ಇರುತ್ತೆ. "ಗೂಡ್ಸ್ ಗಾಡಿ ಅಂದ್ಮೇಲೆ ಡೀಸೆಲ್ಲೇ ತಗೋ ತಮ್ಮಾ, ಪೆಟ್ರೋಲ್ ಹಾಕ್ಕೊಂಡು ಬಾಡಿಗೆ ಹೊಡೆಯೋಕಾಗುತ್ತಾ?" ಅಂತಾರೆ. ಹತ್ತು ಹನ್ನೆರಡು ವರ್ಷದ ಹಿಂದೆ ಈ ಮಾತು ನೂರಕ್ಕೆ ನೂರು ಸರಿ ಇತ್ತು. ಈಗ ಅದು ಅರ್ಧ ಜನಕ್ಕೆ ಮಾತ್ರ ಸರಿ. ಉಳಿದ ಅರ್ಧ ಜನ ಆ ಮಾತು ನಂಬಿ ಹೆಚ್ಚಿನ ಸಾಲ ಮಾಡಿದ್ರೆ, ಪೆಟ್ರೋಲ್ ಬಂಕ್‌ನಲ್ಲಿ ಉಳಿಸಿದ ದುಡ್ಡನ್ನ ಫೈನಾನ್ಸ್‌ನವರಿಗೆ ಕಟ್ತಾ ಕೂರಬೇಕಾಗುತ್ತೆ. ನೀವು ಯಾವ ಅರ್ಧದಲ್ಲಿದ್ದೀರಿ ಅನ್ನೋದನ್ನ ಮನೇಲೇ ಕೂತು ಲೆಕ್ಕ ಹಾಕಬಹುದು.

ಡೀಸೆಲ್ ಅಗ್ಗ ಆಗಿದ್ದು ಯಾಕೆ, ಆ ಕಾಲ ಹೋಗಿದ್ದು ಹೇಗೆ

2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರ್‌ಗೆ 73 ರೂಪಾಯಿ ದಾಟಿತ್ತು. ಆಗ ಅಲ್ಲೇ ಡೀಸೆಲ್ 41 ರೂಪಾಯಿ ಆಸುಪಾಸಲ್ಲಿತ್ತು. ಲೀಟರ್‌ಗೆ 32 ರೂಪಾಯಿ ವ್ಯತ್ಯಾಸ! ಇದು ಎಂಜಿನ್ ಕೊಟ್ಟ ಲಾಭ ಅಲ್ಲ, ಸರ್ಕಾರ ಕೊಟ್ಟಿದ್ದು. ಪೆಟ್ರೋಲ್ ದರವನ್ನ 2010ರ ಜೂನ್‌ನಲ್ಲೇ ಮಾರುಕಟ್ಟೆಗೆ ಬಿಟ್ಟಿದ್ರು. ಡೀಸೆಲ್ ದರ ಮಾತ್ರ ಸರ್ಕಾರದ ಹಿಡಿತದಲ್ಲೇ ಇತ್ತು. 2013ರ ಜನವರಿಯಿಂದ ತಿಂಗಳಿಗೆ 50 ಪೈಸೆ ಲೆಕ್ಕದಲ್ಲಿ ಏರಿಸ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಡೀಸೆಲನ್ನೂ ಮಾರುಕಟ್ಟೆಗೆ ಬಿಟ್ಟರು. 2017ರ ಜೂನ್‌ನಿಂದ ಎರಡಕ್ಕೂ ದಿನದ ದರ ಬಂತು.

ಆಮೇಲೆ ಈ ವ್ಯತ್ಯಾಸ ಹೇಗೆಲ್ಲಾ ಕುಣಿದಿದೆ ನೋಡಿ. 2021ರ ನವೆಂಬರ್ 1ಕ್ಕೆ ಬೆಂಗಳೂರಲ್ಲಿ ಪೆಟ್ರೋಲ್ ಸುಮಾರು 114, ಡೀಸೆಲ್ ನೂರು ದಾಟಿ 104 ರೂಪಾಯಿ ಮೇಲಿತ್ತು. ವ್ಯತ್ಯಾಸ 10 ರೂಪಾಯಿಗಿಂತ ಕಮ್ಮಿ. ಅದೇ ವಾರ ದೀಪಾವಳಿ ಹೊತ್ತಿಗೆ ಕೇಂದ್ರ ಸರ್ಕಾರ ಪೆಟ್ರೋಲ್‌ಗೆ 5, ಡೀಸೆಲ್‌ಗೆ 10 ರೂಪಾಯಿ ಸುಂಕ ಇಳಿಸ್ತು. ರಾಜ್ಯ ಸರ್ಕಾರ ಎರಡಕ್ಕೂ 7 ರೂಪಾಯಿ ಇಳಿಸ್ತು. ವ್ಯತ್ಯಾಸ ಏಕಾಏಕಿ 15 ರೂಪಾಯಿ ಆಯ್ತು.

ಇತ್ತೀಚಿನ ಬದಲಾವಣೆ ನಮ್ಮ ರಾಜ್ಯದ್ದೇ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ. 25.92ರಿಂದ ಶೇ. 29.84ಕ್ಕೆ, ಡೀಸೆಲ್ ಮೇಲಿನದ್ದನ್ನ ಶೇ. 14.34ರಿಂದ ಶೇ. 18.44ಕ್ಕೆ ಏರಿಸ್ತು. ಎರಡೂ ಲೀಟರ್‌ಗೆ ಸುಮಾರು 3 ರೂಪಾಯಿ ಜಾಸ್ತಿ ಆಯ್ತು. ಹತ್ತು ತಿಂಗಳೊಳಗೆ, 2025ರ ಏಪ್ರಿಲ್ 1ರಿಂದ, ಡೀಸೆಲ್ ತೆರಿಗೆ ಮಾತ್ರ ಮತ್ತೆ ಏರಿ ಶೇ. 21.17 ಆಯ್ತು. ಇನ್ನೂ 2 ರೂಪಾಯಿ ಏರಿ ಬೆಂಗಳೂರಲ್ಲಿ ಡೀಸೆಲ್ 91 ರೂಪಾಯಿ ಮುಟ್ತು. ಪೆಟ್ರೋಲ್ 103ರ ಹತ್ತಿರವೇ ನಿಂತಿತ್ತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರಕ್ಕೂ ಇಳಿದ್ರು. ಹಾಗಾಗಿ 32 ರೂಪಾಯಿ ಇದ್ದ ವ್ಯತ್ಯಾಸ 12 ರೂಪಾಯಿಗೆ ಬಂದು ನಿಂತಿದೆ.

ಕಿಲೋಮೀಟರ್ ಲೆಕ್ಕ

ಒಂದು ಉದಾಹರಣೆ ತಗೊಳ್ಳೋಣ. ಒಂದು ಟನ್ ಒಳಗಿನ ಸಣ್ಣ ಗಾಡಿ, ಲೋಡ್ ಇಟ್ಕೊಂಡು ನಮ್ಮ ರಸ್ತೇಲಿ ಪೆಟ್ರೋಲ್ ಆದ್ರೆ 15, ಡೀಸೆಲ್ ಆದ್ರೆ 20 ಕಿ.ಮೀ. ಕೊಡುತ್ತೆ ಅಂತ ಇಟ್ಕೊಳ್ಳಿ. ಕಂಪನಿಯವರು ಹೇಳೋದು ಇದಕ್ಕಿಂತ ಜಾಸ್ತಿ ಇರಬಹುದು. ಆದ್ರೆ ಖಾಲಿ ಗಾಡಿ ಮೈಲೇಜ್ ನಂಬಿ ಲೆಕ್ಕ ಹಾಕಬೇಡಿ.

ಪೆಟ್ರೋಲ್: 103 ರೂಪಾಯಿ ಭಾಗಿಸು 15. ಕಿ.ಮೀ.ಗೆ 6 ರೂಪಾಯಿ 87 ಪೈಸೆ.
ಡೀಸೆಲ್: 91 ರೂಪಾಯಿ ಭಾಗಿಸು 20. ಕಿ.ಮೀ.ಗೆ 4 ರೂಪಾಯಿ 55 ಪೈಸೆ.
ಉಳಿತಾಯ: ಕಿ.ಮೀ.ಗೆ 2 ರೂಪಾಯಿ 32 ಪೈಸೆ.

ಡೀಸೆಲ್ ಗಾಡಿಗೆ ಆಯಿಲ್, ಫಿಲ್ಟರ್, ಇಂಜೆಕ್ಟರ್ ಖರ್ಚು ಸ್ವಲ್ಪ ಜಾಸ್ತಿ. ಅದಕ್ಕೆ 30 ಪೈಸೆ ತೆಗೆದಿಟ್ರೆ ಕೈಲಿ ಉಳಿಯೋದು ಕಿ.ಮೀ.ಗೆ 2 ರೂಪಾಯಿ.

ಈಗ ಗಾಡಿ ರೇಟು. ಡೀಸೆಲ್ ಗಾಡಿ ಪೆಟ್ರೋಲ್‌ಗಿಂತ 1 ಲಕ್ಷ ಜಾಸ್ತಿ ಅಂತ ಇಟ್ಕೊಳ್ಳಿ. ಆ 1 ಲಕ್ಷನೂ ಸಾಲವೇ. ಶೇ. 11 ಬಡ್ಡಿ, 4 ವರ್ಷದ ಸಾಲ ಆದ್ರೆ ಅದೊಂದಕ್ಕೇ ತಿಂಗಳಿಗೆ ಸುಮಾರು 2,584 ರೂಪಾಯಿ ಹೆಚ್ಚುವರಿ ಕಂತು ಬರುತ್ತೆ. ಒಟ್ಟು ಕಟ್ಟೋದು 1 ಲಕ್ಷದ 24 ಸಾವಿರ.

2,584ನ್ನ 2 ರೂಪಾಯಿಂದ ಭಾಗಿಸಿ. 1,292 ಬರುತ್ತೆ. ಅಂದ್ರೆ ತಿಂಗಳಿಗೆ ಹೆಚ್ಚೂಕಮ್ಮಿ 1,300 ಕಿ.ಮೀ. ಓಡಿಸಿದ್ರೆ ಡೀಸೆಲ್ ಉಳಿತಾಯ ಆ ಹೆಚ್ಚುವರಿ ಕಂತಿಗೆ ಸರಿ ಹೋಗುತ್ತೆ. ತಿಂಗಳಿಗೆ 25 ದಿನ ಗಾಡಿ ತೆಗೆದ್ರೆ ದಿನಕ್ಕೆ 52 ಕಿ.ಮೀ. ಅದಕ್ಕಿಂತ ಜಾಸ್ತಿ ಓಡಿದ್ದು ಲಾಭ, ಕಮ್ಮಿ ಓಡಿದ್ದು ಲಾಸ್.

ದಿನಕ್ಕೆ 30 ಕಿ.ಮೀ. ಓಡಿಸೋ ಅಂಗಡಿಯವರಿಗೆ ವರ್ಷಕ್ಕೆ 9,000 ಕಿ.ಮೀ. ಆಗುತ್ತೆ. ಆ 1.24 ಲಕ್ಷ ವಾಪಸ್ ಬರೋಕೆ ಸುಮಾರು 7 ವರ್ಷ ಬೇಕು. ದಿನಕ್ಕೆ 100 ಕಿ.ಮೀ. ಓಡೋ ಬಾಡಿಗೆ ಗಾಡಿಗೆ 25 ತಿಂಗಳು ಸಾಕು.

ಇನ್ನೊಂದು ವಿಷಯ. ಇವತ್ತಿನ 2.32 ರೂಪಾಯಿ ಉಳಿತಾಯದಲ್ಲಿ ಡೀಸೆಲ್ ಅಗ್ಗ ಅನ್ನೋ ಕಾರಣಕ್ಕೆ ಬರೋದು 60 ಪೈಸೆ ಮಾತ್ರ. ಬಾಕಿ 1.72 ರೂಪಾಯಿ ಮೈಲೇಜ್‌ನಿಂದ ಬರುತ್ತೆ. 2012ರ ದರ ಇದೇ ಮೈಲೇಜ್‌ಗೆ ಹಾಕಿ ನೋಡಿದ್ರೆ ಉಲ್ಟಾ. ಆಗ ಕಿ.ಮೀ.ಗೆ 2.82 ರೂಪಾಯಿ ಉಳೀತಿತ್ತು. ಅದರಲ್ಲಿ 1.60 ರೂಪಾಯಿ ದರದ ವ್ಯತ್ಯಾಸದ್ದು. ಆಗಿನ 2.82 ರೂಪಾಯಿಗೂ ಈಗಿನ 2.32 ರೂಪಾಯಿಗೂ ಇರೋ ಬೆಲೆ ನಿಮಗೇ ಗೊತ್ತು. ಹಾಗಾಗಿ ಈಗ ಬಂಕ್ ಬೋರ್ಡ್‌ಗಿಂತ ನಿಮ್ಮ ಗಾಡಿಯ ನಿಜವಾದ ಮೈಲೇಜ್ ಮುಖ್ಯ. ಅದೇ ಮಾಡೆಲ್ ಓಡಿಸೋ ಇಬ್ಬರು ಮೂವರನ್ನ ಕೇಳಿ. ಟ್ಯಾಂಕ್ ಫುಲ್ ಮಾಡಿ, ಮತ್ತೆ ಫುಲ್ ಮಾಡೋವರೆಗೆ ಎಷ್ಟು ಓಡ್ತು ಅಂತ ಬರೆದಿಟ್ಟವರ ಮಾತು ನಂಬಿ.

ಸೀಸನ್ ನೋಡಿ ಮೋಸ ಹೋಗಬೇಡಿ

ನಮ್ಮಲ್ಲಿ ಹೆಚ್ಚಿನವರು ತಪ್ಪೋದು ಇಲ್ಲೇ. ಅಡಿಕೆ ಕೊಯ್ಲು, ಮೆಕ್ಕೆಜೋಳ, ಶುಂಠಿ ಟೈಮಲ್ಲಿ ಗಾಡಿಗೆ ಬಿಡುವೇ ಇರಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ 50 ಕಿ.ಮೀ. ಮೇಲಿದೆ. ಒಂದು ಲೋಡ್ ಹಾಕ್ಕೊಂಡು ಹೋಗಿ ಬಂದ್ರೆ ದಿನಕ್ಕೆ 100 ಕಿ.ಮೀ. ಆಗೇ ಹೋಯ್ತು. ರೈಲು ಮಾರ್ಗದ ಕೆಲಸ ಇನ್ನೂ ನಡೀತಾ ಇರೋದ್ರಿಂದ ಎರಡೂ ತಾಲ್ಲೂಕಿನ ಸರಕೆಲ್ಲಾ ರಸ್ತೆ ಮೇಲೇ ಹೋಗಬೇಕು. ಆ ನಾಲ್ಕು ತಿಂಗಳ ಓಟ ನೋಡಿ "ತಿಂಗಳಿಗೆ 2,500 ಕಿ.ಮೀ. ಗ್ಯಾರಂಟಿ" ಅಂತ ಡೀಸೆಲ್ ಬುಕ್ ಮಾಡ್ತಾರೆ.

ಆಮೇಲೆ ಮಳೆಗಾಲ ಬರುತ್ತೆ. ಆಷಾಢದಲ್ಲಿ ಮದುವೆ ಇಲ್ಲ, ಮನೆ ಕಟ್ಟೋ ಕೆಲಸ ನಿಧಾನ, ತೋಟದ ರಸ್ತೆಗೆ ಗಾಡಿ ಇಳಿಯಲ್ಲ. ಸ್ಟ್ಯಾಂಡಲ್ಲಿ ಟಾರ್ಪಲ್ ಹೊದಿಸಿ ನಿಲ್ಸೋ ದಿನಗಳೇ ಜಾಸ್ತಿ. ಸೀಸನ್‌ನ 4 ತಿಂಗಳು ದಿನಕ್ಕೆ 100 ಕಿ.ಮೀ., ಉಳಿದ 8 ತಿಂಗಳು ದಿನಕ್ಕೆ 25 ಕಿ.ಮೀ. ಓಡಿದ್ರೆ ವರ್ಷಕ್ಕೆ ಆಗೋದು 15,000 ಕಿ.ಮೀ. ತಿಂಗಳ ಸರಾಸರಿ 1,250. ನಮ್ಮ 1,300ರ ಗೆರೆಗಿಂತ ಕೆಳಗೇ! ಸೀಸನ್‌ನಲ್ಲಿ ಎರಡು ಪಟ್ಟು ಓಡಿದ ಗಾಡಿ ವರ್ಷದ ಲೆಕ್ಕದಲ್ಲಿ ಬರೀ ಸರಿಸಮ.

ಗಾಡಿ ನಿಂತ್ರೂ ಕಂತು ನಿಲ್ಲಲ್ಲ. ಅದಕ್ಕೇ ಬುಕ್ ಮಾಡೋ ಮುಂಚೆ ಸುಗ್ಗಿ ತಿಂಗಳ ಓಟ ಬಿಟ್ಟು ಆಷಾಢದ ಓಟ ಎಷ್ಟು ಅಂತ ಮೊದಲು ಬರೀರಿ.

'ಡೀಸೆಲ್‌ಗೆ ಪುಲ್ಲಿಂಗ್ ಜಾಸ್ತಿ' ಅನ್ನೋ ಮಾತು

ಇದು ದೊಡ್ಡ ಪಿಕಪ್‌ಗೆ ನಿಜ. ಮಹೀಂದ್ರ ಬೊಲೆರೊ ಪಿಕಪ್‌ನ 2.5 ಲೀಟರ್ ಡೀಸೆಲ್ ಎಂಜಿನ್‌ಗೆ ಸುಮಾರು 75 ಎಚ್‌ಪಿ ಶಕ್ತಿ. ಮಾರುತಿ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಸುಮಾರು 80. ಪೇಪರ್ ಮೇಲೆ ಮಾರುತಿನೇ ಮುಂದೆ. ಆದ್ರೆ ಎಳೆಯೋ ಬಲ, ಅಂದ್ರೆ ಟಾರ್ಕ್, ಬೊಲೆರೊದಲ್ಲಿ ಸುಮಾರು 200, ಸೂಪರ್ ಕ್ಯಾರಿಯಲ್ಲಿ ಸುಮಾರು 104 ನ್ಯೂಟನ್ ಮೀಟರ್. ಅದೂ ಡೀಸೆಲ್ ಎಂಜಿನ್ 1,400 ಆರ್‌ಪಿಎಂ ಹೊತ್ತಿಗೇ ಪೂರ್ತಿ ಬಲ ಕೊಡುತ್ತೆ, ಪೆಟ್ರೋಲ್ ಎಂಜಿನ್ 2,900 ತನಕ ಹೋಗಬೇಕು. ಒಂದೂವರೆ ಟನ್ ಲೋಡ್ ಹಾಕಿ ಸಾಗರದಿಂದ ಹೊನ್ನಾವರಕ್ಕೆ ಗೇರುಸೊಪ್ಪೆ ಘಾಟಿ ಇಳಿದು ಹತ್ತೋರಿಗೆ, ಕೆಸರು ತುಂಬಿದ ತೋಟದಿಂದ ಲೋಡ್ ಎತ್ತೋರಿಗೆ ಇದರ ಅರ್ಥ ಹೇಳಬೇಕಿಲ್ಲ. ಅವರಿಗೆ ಡೀಸೆಲ್ಲೇ ಸರಿ, ವಾದವೇ ಬೇಡ.

ಸಣ್ಣ ಗಾಡೀಲಿ ಮಾತ್ರ ಈ ಮಾತು ನಡೆಯಲ್ಲ. ಟಾಟಾ ಏಸ್ ಗೋಲ್ಡ್ ಪೆಟ್ರೋಲ್‌ನ ಟಾರ್ಕ್ 55. 2025ರಲ್ಲಿ ಬಂದ ಏಸ್ ಗೋಲ್ಡ್ ಪ್ಲಸ್ ಡೀಸೆಲ್‌ನದ್ದೂ 55. ಈ ಸೈಜಲ್ಲಿ ಡೀಸೆಲ್ ಅಂದ್ರೆ ಹೆಚ್ಚು ಎಳೆಯುತ್ತೆ ಅನ್ನೋದು ಹಳೇ ನೆನಪು.

ಓವರ್‌ಲೋಡ್ ಹಾಕೋ ಆಸೆಗೆ ಡೀಸೆಲ್ ತಗೊಳ್ಳೋರೂ ಇದ್ದಾರೆ. 2019ರಲ್ಲಿ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್‌ಗೆ ಮತ್ತೆ 2,000. ಒಂದು ಸಲ ಸಿಕ್ಕಿಬಿದ್ರೆ 10,000 ಕಿ.ಮೀ. ಓಡಿ ಉಳಿಸಿದ ಡೀಸೆಲ್ ದುಡ್ಡು ಹೋಯ್ತು.

ಬಿಎಸ್-6 ಬಂದ ಮೇಲೆ ಬದಲಾಗಿದ್ದು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂತು. ಹೊಗೆ ಕಮ್ಮಿ ಮಾಡೋಕೆ ಡೀಸೆಲ್ ಎಂಜಿನ್‌ಗೆ ಹೆಚ್ಚು ಸಾಮಾನು ಜೋಡಿಸಬೇಕಾಯ್ತು. ಡೀಸೆಲ್ ಗಾಡಿ ರೇಟು ಪೆಟ್ರೋಲ್‌ಗಿಂತ ಜಾಸ್ತಿ ಏರಿದ್ದು ಅದಕ್ಕೇ. ಈಗ ಹೆಚ್ಚಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಅದನ್ನ ಡಿಪಿಎಫ್ ಅಂತಾರೆ. ಅದು ತುಂಬಿದಾಗ ಒಳಗಿನ ಮಸಿಯನ್ನ ತಾನೇ ಸುಟ್ಟುಕೊಳ್ಳುತ್ತೆ. ಆದ್ರೆ ಹಾಗೆ ಸುಡಬೇಕಾದ್ರೆ ಎಂಜಿನ್ ಚೆನ್ನಾಗಿ ಬಿಸಿ ಆಗಿ, ಸ್ವಲ್ಪ ಹೊತ್ತು ಒಂದೇ ಸಮ ಓಡ್ತಾ ಇರಬೇಕು.

ಗೋಡೌನಿಂದ ಅಂಗಡಿಗೆ, ಅಂಗಡಿಯಿಂದ ಮನೆಮನೆಗೆ 2 ಕಿ.ಮೀ., 3 ಕಿ.ಮೀ. ಓಡಿ ಆಫ್ ಮಾಡೋ ಗಾಡೀಲಿ ಆ ಬಿಸಿ ಬರೋದೇ ಇಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತೆ, ಲೈಟ್ ಹತ್ತುತ್ತೆ, ಗಾಡಿ ಎಳೆಯಲ್ಲ, ಕೊನೆಗೆ ಸರ್ವಿಸ್ ಸೆಂಟರ್‌ಗೆ ಹೋಗಬೇಕು. ಹಳೇ ಡೀಸೆಲ್ ಎಂಜಿನ್‌ನ ಗುರುತಿನ ಮೆಕ್ಯಾನಿಕ್ ಹತ್ರ ಬಿಚ್ಚಿ ಕಟ್ಟಿಸ್ತಿದ್ದ ಕಾಲ ಅಲ್ಲ ಇದು. ಕಂಪ್ಯೂಟರ್ ಹಾಕಿ ನೋಡಬೇಕು. ಕೆಲವು ಡೀಸೆಲ್ ಗಾಡಿಗೆ ಡಿಇಎಫ್ ಅನ್ನೋ ದ್ರವವನ್ನೂ ಹಾಕ್ತಾ ಇರಬೇಕು. ಬುಕ್ ಮಾಡೋ ಮುಂಚೆ ಶೋರೂಂನಲ್ಲಿ ಈ ಎರಡನ್ನೂ ಕೇಳಿ: ಡಿಪಿಎಫ್ ಇದೆಯಾ, ಡಿಇಎಫ್ ಬೇಕಾ?

ಪೆಟ್ರೋಲ್‌ಗೂ ಒಂದು ಹೊಡೆತ ಬಿದ್ದಿದೆ. ಈಗ ಬಂಕ್‌ನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲ್. ಎಥನಾಲ್‌ನಲ್ಲಿ ಪೆಟ್ರೋಲ್‌ನ ಮೂರನೇ ಎರಡು ಭಾಗದಷ್ಟು ಮಾತ್ರ ಶಕ್ತಿ ಇರೋದ್ರಿಂದ ಮೈಲೇಜ್ ಸ್ವಲ್ಪ ಇಳಿಯುತ್ತೆ. ಇ-20ಗೆ ಸರಿಹೊಂದಿಸಿದ ನಾಲ್ಕು ಚಕ್ರದ ಗಾಡಿಗೆ ಶೇ. 1ರಿಂದ 2, ತೀರಾ ಹಳೇ ತರದ ಎಂಜಿನ್‌ಗೆ ಶೇ. 6ರಿಂದ 7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ ನೋಡ್ತಿರೋರು ಇದನ್ನ ಗಮನಿಸಬೇಕು. ಎಥನಾಲ್ ನೀರನ್ನೂ ಹೀರುತ್ತೆ. ನಮ್ಮ ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಸರಿ ಇರಲಿ, ವಾರಗಟ್ಟಲೆ ಅರೆ ಟ್ಯಾಂಕಲ್ಲಿ ನಿಲ್ಲಿಸಬೇಡಿ. ಡೀಸೆಲ್ ಗಾಡಿಯವರು ಫಿಲ್ಟರ್ ಕೆಳಗೆ ನಿಂತ ನೀರು ಬಿಡೋದನ್ನ ಮರೀಬೇಡಿ.

ಕಂಪನಿಗಳು ಎತ್ತ ನಡೀತಿವೆ

ಮಾರುತಿ ಸೂಪರ್ ಕ್ಯಾರಿ 2016ರಲ್ಲಿ ಬಂದಾಗ ಅದರಲ್ಲಿದ್ದದ್ದು 793 ಸಿಸಿ ಡೀಸೆಲ್ ಎಂಜಿನ್. 2019ರ ಏಪ್ರಿಲ್‌ನಲ್ಲಿ ಕಂಪನಿ ಮುಂದಿನ ವರ್ಷದಿಂದ ಡೀಸೆಲ್ ಗಾಡಿನೇ ಮಾರಲ್ಲ ಅಂತು. ಈಗ ಸೂಪರ್ ಕ್ಯಾರಿ ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ ಇದೆ. 2005ರಲ್ಲಿ ಡೀಸೆಲ್ ಎಂಜಿನ್ ಜೊತೆ ಬಂದು ಊರೂರಿಗೆ 'ಛೋಟಾ ಹಾಥಿ' ಆದ ಟಾಟಾ ಏಸ್, 2020ರಲ್ಲಿ ಪೆಟ್ರೋಲಿಗೂ ಬಂತು. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೊನಲ್ಲಿ ಡೀಸೆಲ್ಲೇ ಇಲ್ಲ. ಪೆಟ್ರೋಲ್, ಸಿಎನ್‌ಜಿ ಜೊತೆ ಪೆಟ್ರೋಲ್, ಎಲೆಕ್ಟ್ರಿಕ್ ಮಾತ್ರ. ಆಗ, ಜಿಎಸ್‌ಟಿ ಇಳಿಯೋ ಮುಂಚೆ, ಶೋರೂಂ ರೇಟು 3.99 ಲಕ್ಷದಿಂದ ಶುರು ಇತ್ತು, ಲೋಡ್ 750 ಕೆ.ಜಿ. ಆದ್ರೆ ಅದೇ ಟಾಟಾ ಅದೇ ವರ್ಷ 900 ಕೆ.ಜಿ. ಹೊರೋ ಏಸ್ ಗೋಲ್ಡ್ ಪ್ಲಸ್ ಡೀಸೆಲ್ಲನ್ನೂ ಬಿಟ್ಟಿದೆ. ಅದಕ್ಕೆ ಡಿಇಎಫ್ ಬೇಕಿಲ್ಲ ಅನ್ನೋದನ್ನೇ ಕಂಪನಿ ಮುಂದಿಟ್ಟು ಮಾರ್ತಿದೆ.

ಇದರ ಅರ್ಥ ಇಷ್ಟೇ. ಡೀಸೆಲ್ ಮುಗೀತು ಅಂತ ಯಾರೂ ಹೇಳ್ತಿಲ್ಲ. ಮುಕ್ಕಾಲು ಟನ್ ಹೊತ್ಕೊಂಡು ಊರೊಳಗೆ ಓಡೋರಿಗೆ ಪೆಟ್ರೋಲ್, ಹೆಚ್ಚು ಹೊತ್ಕೊಂಡು ದೂರ ಓಡೋರಿಗೆ ಡೀಸೆಲ್ ಅಂತ ಕಂಪನಿಗಳೇ ಗೆರೆ ಎಳೆದಿವೆ.

ಸಿಎನ್‌ಜಿ ಕಿ.ಮೀ. ಲೆಕ್ಕದಲ್ಲಿ ಅಗ್ಗ ಆಗಬಹುದು. ಆದ್ರೆ ಬಂಕ್ ನಿಮ್ಮ ದಿನದ ದಾರೀಲೇ ಇರಬೇಕು. ಗ್ಯಾಸ್ ತುಂಬಿಸೋಕೇ 30 ಕಿ.ಮೀ. ಹೋಗಿ ಬರೋದಾದ್ರೆ ಉಳಿದದ್ದೆಲ್ಲಾ ಅಲ್ಲೇ ಖರ್ಚು. ಎಲೆಕ್ಟ್ರಿಕ್‌ಗೂ ಅಷ್ಟೇ. ರಾತ್ರಿ ಗಾಡಿ ನಿಲ್ಲಿಸೋ ಜಾಗದಲ್ಲಿ ಕರೆಂಟ್ ಗ್ಯಾರಂಟಿ ಇದ್ದು, ದಿನದ ಓಟ ಹೆಚ್ಚೂಕಮ್ಮಿ ಒಂದೇ ಆಗಿದ್ರೆ ಮಾತ್ರ ಯೋಚಿಸಿ.

ಅಂಗಡಿಯವರು ಕೇಳಿ ಮರೆಯೋ ಎರಡು ವಿಷಯ

ಒಂದು, ಜಿಎಸ್‌ಟಿ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದು, ಸರಕು ಸಾಗಿಸೋ ಗಾಡಿಯನ್ನ ವ್ಯಾಪಾರದ ಹೆಸರಲ್ಲಿ, ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಮಾಡಿಸಿದ್ರೆ, ಕಟ್ಟಿದ ತೆರಿಗೆಯನ್ನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ತಗೋಬಹುದು. ಕಾರಿಗೆ ಇರೋ ತಡೆ ಗೂಡ್ಸ್ ಗಾಡಿಗಿಲ್ಲ. ಕಾಂಪೊಸಿಷನ್ ಸ್ಕೀಮಲ್ಲಿ ಇರೋರಿಗೆ ಇದು ಸಿಗಲ್ಲ. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿ ಹೊರಗೇ ಇರೋದ್ರಿಂದ ಇಂಧನಕ್ಕೆ ಯಾವ ಕ್ರೆಡಿಟ್ಟೂ ಇಲ್ಲ. ಕ್ರೆಡಿಟ್ ಸಿಗೋರಿಗೆ ಎರಡು ಗಾಡಿ ನಡುವಿನ ರೇಟಿನ ಅಂತರವೂ ಅಷ್ಟು ಕಮ್ಮಿ ಆಗುತ್ತೆ, ಡೀಸೆಲ್ ಸ್ವಲ್ಪ ಹತ್ತಿರ ಬರುತ್ತೆ. ನಿಮ್ಮ ಲೆಕ್ಕ ಬರೆಯೋರನ್ನ ಕೇಳಿಯೇ ಬಿಲ್ ಮಾಡಿಸಿ.

ಎರಡು, ಹತ್ತು ವರ್ಷದ ಭಯ. "ಡೀಸೆಲ್ ಗಾಡಿ ಹತ್ತು ವರ್ಷಕ್ಕೆ ಗುಜರಿ" ಅಂತ ವಾಟ್ಸಾಪ್‌ನಲ್ಲಿ ಓಡಾಡೋದು ದೆಹಲಿ ಮತ್ತು ಸುತ್ತಮುತ್ತಲ ಪ್ರದೇಶದ ನಿಯಮ. ನಮ್ಮ ಜಿಲ್ಲೆಗೆ ಅದು ಇಲ್ಲ. ಇಲ್ಲಿ ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ ಗೂಡ್ಸ್ ಗಾಡಿಗೆ 8 ವರ್ಷದ ತನಕ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಈ ಸುದ್ದಿ ಹೇಳಿ ನಿಮ್ಮ ಹಳೇ ಡೀಸೆಲ್ ಗಾಡಿಯನ್ನ ಅರ್ಧ ರೇಟಿಗೆ ಕೇಳೋರು ಬಂದ್ರೆ ಹುಷಾರು.

ಹಾಗಾದ್ರೆ ಯಾರಿಗೆ ಯಾವುದು?

ಊರೊಳಗೆ, ಸುತ್ತಲ ಹಳ್ಳಿಗೆ ದಿನಕ್ಕೆ 20-40 ಕಿ.ಮೀ. ಓಡಿಸೋ ಕಿರಾಣಿ, ಬೇಕರಿ, ಹಾರ್ಡ್‌ವೇರ್, ನೀರಿನ ಕ್ಯಾನ್‌ನವರಿಗೆ ಪೆಟ್ರೋಲ್. ಇದರಲ್ಲಿ ಅನುಮಾನವೇ ಬೇಡ.

ವಾರಕ್ಕೆ ನಾಲ್ಕೈದು ಸಲ ಶಿವಮೊಗ್ಗ, ಸಾಗರ, ಶಿರಸಿ, ಹುಬ್ಬಳ್ಳಿ ಕಡೆ ವರ್ಷಪೂರ್ತಿ ಲೋಡ್ ಇರೋರಿಗೆ, ಒಂದು ಟನ್‌ಗಿಂತ ಹೆಚ್ಚು ಹೊರೋರಿಗೆ, ಘಾಟಿ ಹತ್ತೋರಿಗೆ ಡೀಸೆಲ್.

ನಡುವೆ ಇರೋರು, ಅಂದ್ರೆ ಸೀಸನ್‌ನಲ್ಲಿ ದೂರ, ಬಾಕಿ ಟೈಮಲ್ಲಿ ಊರೊಳಗೆ ಓಡಿಸೋರು, ಕಷ್ಟದಲ್ಲಿರೋರು. ಹೊಸದಾಗಿ ಬಾಡಿಗೆಗೆ ಇಳಿಯೋ ಹುಡುಗರಲ್ಲಿ ಹೆಚ್ಚಿನವರು ಇಲ್ಲೇ ಬರ್ತಾರೆ. ಇವರಿಗೆ ನನ್ನ ಅಭಿಪ್ರಾಯ: ಲೆಕ್ಕ ಸರಿಸಮ ಬಂದ್ರೆ ಕಂತು ಕಮ್ಮಿ ಇರೋ ಗಾಡಿ ತಗೊಳ್ಳಿ. ಪೆಟ್ರೋಲ್ ಖರ್ಚು ಗಾಡಿ ಓಡಿದಾಗ ಮಾತ್ರ ಬರುತ್ತೆ, ಆಗ ಕೈಲಿ ಬಾಡಿಗೆ ದುಡ್ಡೂ ಇರುತ್ತೆ. ಕಂತು ಗಾಡಿ ನಿಂತ ತಿಂಗಳಲ್ಲೂ ಬರುತ್ತೆ. ಮುಂದೆ ಮಾರೋವಾಗ ಡೀಸೆಲ್‌ಗೆ ನಮ್ಮ ಕಡೆ ಒಳ್ಳೆ ರೇಟು ಸಿಗಬಹುದು, ಆದ್ರೆ ಆ ದಿನದ ತನಕ ಕಂತು ತಪ್ಪದೆ ಬಂದಿರಬೇಕಲ್ಲ?

ಒಂದೇ ಲೋಡ್ ಹೊರೋ ಪೆಟ್ರೋಲ್, ಡೀಸೆಲ್ ಎರಡಕ್ಕೂ ಆನ್‌ರೋಡ್ ಕೊಟೇಶನ್ ತಗೊಳ್ಳಿ. ಎರಡರ ತಿಂಗಳ ಕಂತಿನ ವ್ಯತ್ಯಾಸ ಬರೀರಿ. ನಿಮ್ಮ ಬಂಕ್‌ನ ಇವತ್ತಿನ ದರ, ಕೇಳಿ ತಿಳಿದ ಮೈಲೇಜ್ ಹಾಕಿ ಕಿ.ಮೀ.ಗೆ ಎಷ್ಟು ಉಳಿಯುತ್ತೆ ಅಂತ ನೋಡಿ, ಅದರಿಂದ ಕಂತಿನ ವ್ಯತ್ಯಾಸ ಭಾಗಿಸಿ. ಬಂದ ಕಿಲೋಮೀಟರ್ ನಿಮ್ಮ ಗಾಡಿ ಆಷಾಢ ಸೇರಿಸಿಯೂ ಓಡುತ್ತಾ? ಓಡುತ್ತೆ ಅಂದ್ರೆ ಡೀಸೆಲ್. ಇಲ್ಲ ಅಂದ್ರೆ ಸ್ಟ್ಯಾಂಡಲ್ಲಿ ಯಾರು ಏನೇ ಅಂದ್ರೂ ಪೆಟ್ರೋಲ್.